ಹನಿ ಲೆಕ್ಕದ ಎಣ್ಣೆ: ಮನೆಯಲ್ಲಿ ಸಾರತೈಲ ಬಳಸುವ ಕ್ರಮ

ವಿಜಯಪುರದ ಬೇಸಿಗೆಯಲ್ಲಿ ಕೂಲರ್ ಇಲ್ಲದ ಮಧ್ಯಾಹ್ನವನ್ನು ನೆನೆಸಿಕೊಳ್ಳುವುದೂ ಕಷ್ಟ. ಎರಡು ವರ್ಷದ ಹಿಂದೆ, ಯುಗಾದಿ ಮುಗಿದ ವಾರ, ಆ ಗಾಳಿಗೆ ಒಂದಿಷ್ಟು ಪರಿಮಳವೂ ಸೇರಲಿ ಎಂದು ಮಜ್ಜಿಗೆ ಹುಲ್ಲಿನ (ಲೆಮನ್‌ಗ್ರಾಸ್) ಎಣ್ಣೆಯ ಅರ್ಧ ಬಾಟಲಿಯನ್ನು ಕೂಲರ್ ತೊಟ್ಟಿಗೆ ಸುರಿದೆ. ಹತ್ತು ನಿಮಿಷಕ್ಕೆ ಮನೆಯವರೆಲ್ಲ ಕಣ್ಣು ಉಜ್ಜಿಕೊಳ್ಳುತ್ತ ಅಂಗಳಕ್ಕೆ ಬಂದಿದ್ದೆವು. ಎಣ್ಣೆ ನೀರಿನ ಮೇಲೆ ತೇಲಿ, ಕೂಲರಿನ ಪ್ಯಾಡಿಗೆ ಅಂಟಿ, ಆ ಘಾಟು ಎಂಟು ದಿನ ಬಿಡಲಿಲ್ಲ. "ಎಣ್ಣೆ ನೀರಿನಲ್ಲಿ ಕೂಡುವುದಿಲ್ಲವೆಂದು ದಿನಾ ಒಗ್ಗರಣೆ ಹಾಕುವವಳಿಗೆ ಯಾರು ಹೇಳಿಕೊಡಬೇಕವ್ವಾ?" ಎಂದು ಅತ್ತೆ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮ ಕಡೆ ಎಣ್ಣೆ ಎಂದರೆ ಕುಸುಬೆ, ಶೇಂಗಾ. ಅದರ ಅಳತೆ ಸೌಟಿನದು. ಅಂಗಡಿಯವರು ಎಸೆನ್ಶಿಯಲ್ ಆಯಿಲ್ ಎಂದು ಮಾರುವ ಸಾರತೈಲದ ಅಳತೆ ಹನಿಯದು. ಆ ಲೆಕ್ಕ ಕೈಗೆ ಹತ್ತುವ ತನಕ ನಾನು ಹಾಳು ಮಾಡಿದ್ದು ಒಂದೆರಡಲ್ಲ. ಕಲಿತದ್ದನ್ನು ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಮೊದಲು ಎಣ್ಣೆಯ ಗುಣ ತಿಳಿಯಿರಿ

ಎಲೆ, ಹೂ, ಬೇರು, ತೊಗಟೆಗಳಲ್ಲಿ ಪರಿಮಳ ಹಿಡಿದಿಟ್ಟುಕೊಂಡಿರುವ ಅಂಶವನ್ನು ಹಬೆಯಲ್ಲಿ ಭಟ್ಟಿ ಇಳಿಸಿ ತೆಗೆದದ್ದು ಸಾರತೈಲ. ನೀಲಗಿರಿ, ಲವಂಗ, ಲಾವಂಚ, ಮಜ್ಜಿಗೆ ಹುಲ್ಲು ಎಲ್ಲವೂ ಹೀಗೆಯೇ. ಲಿಂಬೆ, ಕಿತ್ತಳೆಗಳದು ಬೇರೆ ದಾರಿ: ಅವುಗಳ ಸಿಪ್ಪೆಯನ್ನು ಹಿಂಡಿಯೂ ಎಣ್ಣೆ ತೆಗೆಯುತ್ತಾರೆ. ಹೆಸರಿಗೆ ಎಣ್ಣೆಯಾದರೂ ಇದರಲ್ಲಿ ಜಿಡ್ಡಿಲ್ಲ. ಬಿಳಿ ಕಾಗದದ ಮೇಲೆ ಒಂದು ಹನಿ ನೀಲಗಿರಿ ಎಣ್ಣೆ, ಪಕ್ಕದಲ್ಲಿ ಒಂದು ಹನಿ ಶೇಂಗಾ ಎಣ್ಣೆ ಹಾಕಿ ಮರುದಿನ ನೋಡಿ. ಮೊದಲನೆಯದು ಆರಿ ಹೋಗಿರುತ್ತದೆ, ಎರಡನೆಯದರ ಕಲೆ ಉಳಿದಿರುತ್ತದೆ. ನೀಲಗಿರಿ ಎಣ್ಣೆ ಎಂದು ತಂದದ್ದೇ ಜಿಡ್ಡಿನ ಕಲೆ ಬಿಟ್ಟರೆ ಅದಕ್ಕೆ ಬೇರೆ ಎಣ್ಣೆ ಬೆರೆತಿದೆ ಎಂದು ತಿಳಿಯಿರಿ. ಶ್ರೀಗಂಧ, ಲಾವಂಚದಂಥ ಭಾರದ ಎಣ್ಣೆಗಳಿಗೆ ಮಾತ್ರ ಈ ಪರೀಕ್ಷೆ ಒಗ್ಗುವುದಿಲ್ಲ. ಅವು ಆರಲು ಬಹಳ ಹೊತ್ತು ಬೇಕು.

ಇನ್ನೊಂದು ಗುಣವನ್ನು ನಾವು ಚಿಕ್ಕವರಿದ್ದಾಗಲೇ ಕಂಡಿದ್ದೇವೆ. ಮೋಸಂಬಿ ಸಿಪ್ಪೆಯನ್ನು ದೀಪದ ಮುಂದೆ ಮಡಚಿ ಹಿಂಡಿದರೆ ಚಿಟಪಟ ಕಿಡಿ ಹಾರುತ್ತಿತ್ತಲ್ಲ, ಉರಿಯುತ್ತಿದ್ದುದು ಸಿಪ್ಪೆಯೊಳಗಿನ ಸಾರತೈಲವೇ. ಲಿಂಬೆ, ಕಿತ್ತಳೆ, ನೀಲಗಿರಿ ಎಣ್ಣೆಗಳ ಆವಿ ಸುಮಾರು 50 ಡಿಗ್ರಿ ಬಿಸಿಯಲ್ಲೇ ಬೆಂಕಿ ಹಿಡಿಯುವ ಸ್ಥಿತಿಗೆ ಬರುತ್ತದೆ. ಆದ್ದರಿಂದ ದೇವರ ದೀಪದ ಎಣ್ಣೆಗೆ ಇದನ್ನು ಬೆರೆಸಬೇಡಿ. ಒಲೆಯ ಪಕ್ಕದ ಗೂಡಿನಲ್ಲಿ, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಾಟಲಿ ಇಡಬೇಡಿ.

ಕೊಳ್ಳುವಾಗ

ಚೀಟಿಯ ಮೇಲೆ ಗಿಡದ ಸಸ್ಯಶಾಸ್ತ್ರೀಯ ಹೆಸರು, ತಯಾರಾದ ತಿಂಗಳು, ಪ್ರಮಾಣ ಇರಬೇಕು. ಬರೀ 'ಫ್ರಾಗ್ರನ್ಸ್ ಆಯಿಲ್' ಎಂದಿದ್ದರೆ ಅದು ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ಕೂಡಿಸಿದ ಪರಿಮಳ; ಕೋಣೆಗೆ ಆದೀತು, ಮೈಗೆ ಬೇಡ. ಬಾಟಲಿ ಕಂದು ಅಥವಾ ಕಡುನೀಲಿ ಗಾಜಿನದಾಗಿರಲಿ, ಬಾಯಿಗೆ ಹನಿ ಬೀಳಿಸುವ ಮುಚ್ಚಳವಿರಲಿ. ಶ್ರೀಗಂಧದ ಎಣ್ಣೆ ನೂರು ರೂಪಾಯಿಗೆ ಸಿಕ್ಕಿತೆಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ.

ನಮ್ಮ ಊರಿನವರಿಗೆ ಅತ್ತರು ಹೊಸದಲ್ಲ. 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹಿಯ ಕಾಲದಲ್ಲಿ ಇಲ್ಲಿ ಸುಗಂಧ ತಯಾರಿಕೆಯ ಬಗ್ಗೆಯೇ ಒಂದು ಗ್ರಂಥ ರಚನೆಯಾಗಿತ್ತು. ಆದರೆ ಅತ್ತರು ಮತ್ತು ಸಾರತೈಲ ಒಂದೇ ಅಲ್ಲ. ಹಳೆಯ ಪದ್ಧತಿಯಲ್ಲಿ ಹೂವಿನ ಹಬೆಯನ್ನು ಶ್ರೀಗಂಧದ ಎಣ್ಣೆಯಲ್ಲಿ ಇಳಿಸಿಕೊಂಡರೆ ಅತ್ತರು. ಈಗ ಅಗ್ಗದ ಅತ್ತರುಗಳಲ್ಲಿ ಶ್ರೀಗಂಧದ ಬದಲು ಬೇರೆ ದ್ರವಗಳಿರುತ್ತವೆ. ಅಂಗಿಗೆ ಹಚ್ಚಿಕೊಳ್ಳಲು ಅಡ್ಡಿಯಿಲ್ಲ. ಕೆಳಗೆ ಹೇಳುವ ಯಾವ ಕೆಲಸಕ್ಕೂ ಅದು ಬೇಡ.

ಮೊದಲ ಸಲಕ್ಕೆ ಮೂರು ಬಾಟಲಿ ಸಾಕು: ನೀಲಗಿರಿ, ಮಜ್ಜಿಗೆ ಹುಲ್ಲು, ಲ್ಯಾವೆಂಡರ್. ಇರುವೆ ಕಾಟವಿದ್ದವರು ಪೆಪ್ಪರ್‌ಮಿಂಟ್ ಸೇರಿಸಿಕೊಳ್ಳಬಹುದು. ಹನ್ನೆರಡು ಬಾಟಲಿಯ ಪೆಟ್ಟಿಗೆ ನೋಡಲು ಚೆಂದ, ಅದರಲ್ಲಿ ಎಂಟು ಬಾಟಲಿ ಮುಚ್ಚಳ ತೆರೆಯದೆ ಹಳತಾಗುತ್ತವೆ. ಇದು ನನ್ನ ಕಪಾಟಿನ ಸಾಕ್ಷಿ.

ಹನಿಯ ಲೆಕ್ಕ

ಒಂದು ಮಿಲಿಲೀಟರಿಗೆ ಸುಮಾರು 20 ಹನಿ. ಒಂದು ಚಹಾ ಚಮಚ ಎಂದರೆ 5 ಮಿಲಿಲೀಟರ್, ಅಂದರೆ 100 ಹನಿ. ಹೀಗಾಗಿ ಒಂದು ಚಮಚ ಕೊಬ್ಬರಿ ಎಣ್ಣೆಗೆ ಒಂದು ಹನಿ ಸಾರತೈಲ ಹಾಕಿದರೆ ಅದು ಶೇಕಡಾ 1ರ ಮಿಶ್ರಣ. ದೊಡ್ಡವರ ಮೈಗೆ ಇಷ್ಟೇ ಸಾಕು, ಎರಡು ಹನಿಗಿಂತ ಹೆಚ್ಚು ಬೇಡವೇ ಬೇಡ. ನೀರಿಗೆ ಹಾಕುವುದಾದರೆ ಅದನ್ನು ಬೆಸೆಯುವ ಮಧ್ಯಸ್ಥಗಾರ ಬೇಕು. ಸೋಪಿನ ದ್ರವ ಅಥವಾ ಔಷಧದ ಅಂಗಡಿಯಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್ ಆ ಕೆಲಸ ಮಾಡುತ್ತದೆ. ಸ್ನಾನದ ಬಕೆಟ್ಟಿಗೆ ನೇರವಾಗಿ ನಾಲ್ಕು ಹನಿ ಬಿಟ್ಟರೆ ಅವು ಮೇಲೆಯೇ ತೇಲಿ, ಮೊದಲ ತಂಬಿಗೆಯಲ್ಲೇ ನೇರವಾಗಿ ಮೈಮೇಲೆ ಬಂದು ಉರಿಸುತ್ತವೆ.

ಪ್ಲಾಸ್ಟಿಕ್ ಚಮಚ, ಥರ್ಮಾಕೋಲ್ ಕಪ್ ಹತ್ತಿರ ತರಬೇಡಿ. ಲಿಂಬೆ, ಲವಂಗದ ಎಣ್ಣೆಗೆ ಅವು ಕರಗುತ್ತವೆ. ಗಾಜು, ಸ್ಟೀಲು ಸರಿ.

ಕೋಣೆಗೆ ಪರಿಮಳ: ಹಣತೆಯೇ ಸಾಕು

ದುಡ್ಡು ಖರ್ಚಿಲ್ಲದ ವಿಧಾನ ಮೊದಲು. ದೀಪಾವಳಿಗೆ ತಂದು ಉಳಿದ, ಬಣ್ಣ ಬಳಿಯದ ಮಣ್ಣಿನ ಹಣತೆ ತೆಗೆದುಕೊಳ್ಳಿ. ಅದಕ್ಕೆ ದೀಪದ ಎಣ್ಣೆ ತಾಗಿರಬಾರದು. ಒಳಗೆ 4 ಹನಿ ಹಾಕಿ ಕೈಗೆಟುಕದ ಕಪಾಟಿನ ಮೇಲಿಡಿ. ಸುಟ್ಟ ಮಣ್ಣು ಎಣ್ಣೆಯನ್ನು ಕುಡಿದು ನಿಧಾನವಾಗಿ ಬಿಡುತ್ತದೆ. ಸಣ್ಣ ಕೋಣೆಗೆ ಅರ್ಧ ದಿನ ಬರುತ್ತದೆ. ಇದು ಹಚ್ಚುವ ಹಣತೆಯಲ್ಲ ಎಂದು ಮನೆಯವರಿಗೆಲ್ಲ ಹೇಳಿಡಿ. ಹಣತೆ ಕಂಡರೆ ಬತ್ತಿ ಹಾಕುವ ಕೈಗಳು ನಮ್ಮ ಮನೆಗಳಲ್ಲಿ ಇದ್ದೇ ಇರುತ್ತವೆ.

ಪರಿಮಳವನ್ನು ಮಂಜಿನಂತೆ ಹರಡುವ ವಿದ್ಯುತ್ತಿನ ಡಿಫ್ಯೂಸರ್ ಇದ್ದರೆ 100 ಮಿಲಿಲೀಟರ್ ನೀರಿಗೆ 3ರಿಂದ 5 ಹನಿ. ಕಿಟಕಿ ಒಂದಿಷ್ಟು ತೆರೆದಿಡಿ, ಅರ್ಧ ಗಂಟೆ ಓಡಿಸಿ ನಿಲ್ಲಿಸಿ. ರಾತ್ರಿಯಿಡೀ ಓಡಿಸಿದರೆ ಮೂಗಿಗೆ ವಾಸನೆ ರೂಢಿಯಾಗಿ ಗೊತ್ತಾಗುವುದಿಲ್ಲ, ತಲೆನೋವು ಮಾತ್ರ ಬೆಳಗ್ಗೆ ಗೊತ್ತಾಗುತ್ತದೆ. ನಮ್ಮ ಕೊಳವೆಬಾವಿಯ ಗಡಸು ನೀರು ಈ ಯಂತ್ರಕ್ಕೆ ಶತ್ರು. ತಳದಲ್ಲಿ ಕಂಪಿಸುವ ಬಿಲ್ಲೆಯ ಮೇಲೆ ಸುಣ್ಣ ಕಟ್ಟುತ್ತದೆ, ಪೀಠೋಪಕರಣದ ಮೇಲೆ ಬಿಳಿ ಹುಡಿ ಕೂರುತ್ತದೆ. ಶುದ್ಧೀಕರಿಸಿದ ನೀರು ಹಾಕಿ. ಸುಣ್ಣ ಕಟ್ಟಿದ್ದರೆ ಒಂದಿಷ್ಟು ಲಿಂಬೆ ರಸ ಬೆರೆಸಿದ ನೀರನ್ನು ಹತ್ತು ನಿಮಿಷ ಬಿಟ್ಟು, ಹತ್ತಿಯಿಂದ ಒರೆಸಿ ತೊಳೆಯಿರಿ.

ಇನ್ನು ಕೂಲರ್. ತೊಟ್ಟಿಗೆ ಯಾವ ಎಣ್ಣೆಯನ್ನೂ ಹಾಕಬೇಡಿ. ಲಾವಂಚದ ಬೇರನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ನೆನೆಸಿ, ಕೂಲರ್ ಗಾಳಿ ಬೀಸುವ ಕಡೆ ನೇತುಹಾಕಿ. ಹಿಂದೆ ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದುದೂ ಇದೇ ಉಪಾಯ. ಕಟ್ಟನ್ನು ವಾರಕ್ಕೊಮ್ಮೆ ಬಿಸಿಲಿಗೆ ಹಾಕದಿದ್ದರೆ ಬೂಸು ಬರುತ್ತದೆ.

ಸಿಂಪಡಿಸುವ ದ್ರವ

100 ಮಿಲಿಲೀಟರಿನ ಗಾಜಿನ ಸ್ಪ್ರೇ ಬಾಟಲಿಗೆ ಮೊದಲು 30 ಮಿಲಿಲೀಟರ್ ಸ್ಪಿರಿಟ್ ಹಾಕಿ. ಅದಕ್ಕೆ 20 ಹನಿ ಸಾರತೈಲ ಬಿಟ್ಟು ಕುಲುಕಿ. ಉಳಿದ ಜಾಗಕ್ಕೆ ಕಾಯಿಸಿ ಆರಿಸಿದ ನೀರು ತುಂಬಿ. ನೀರು ಬಿದ್ದ ಕೂಡಲೇ ಮಸುಕಾಗುವುದು ಸಹಜ. ಪ್ರತಿ ಸಲ ಕುಲುಕಿಯೇ ಹೊಡೆಯಬೇಕು. ಕ್ರಮ ತಿರುಗಿಸಿ, ನೀರಿಗೆ ಮೊದಲು ಎಣ್ಣೆ ಹಾಕಿ ನೋಡಿದ್ದೇನೆ. ಮೇಲೆ ಒಂದು ಪದರ ಕೂತು ಕೊನೆಯ ತನಕ ಕೂಡಲಿಲ್ಲ. ಹಾಸಿಗೆಯ ಕೋಣೆಗೆ ಲ್ಯಾವೆಂಡರ್, ಬಚ್ಚಲಿಗೆ ನೀಲಗಿರಿ ನನ್ನ ಆಯ್ಕೆ. ಒಲೆ, ದೀಪ, ಊದಿನಕಡ್ಡಿ ಉರಿಯುವಾಗ ಹೊಡೆಯಬೇಡಿ, ಇದರಲ್ಲಿ ಸ್ಪಿರಿಟ್ ಇದೆ.

ಕೌದಿ, ಗಾದಿಗಳಿಗೆ ಇದನ್ನು ಹೊಡೆಯುವ ಅಗತ್ಯ ನಮಗಿಲ್ಲ. ವಿಜಯಪುರದ ಒಂದು ಹಗಲಿನ ಬಿಸಿಲು ಮಾಡುವ ಕೆಲಸವನ್ನು ಯಾವ ಬಾಟಲಿಯೂ ಮಾಡದು. ಬೆಳಗಾವಿಯಲ್ಲಿರುವ ನನ್ನ ಅಕ್ಕನ ಸಂಕಟ ಬೇರೆ. ಅಲ್ಲಿ ಮಳೆಗಾಲ ಹಿಡಿಯಿತೆಂದರೆ ಬಟ್ಟೆ ಒಣಗುವುದಿಲ್ಲ, ಗೋಡೆಯ ಮೂಲೆ ಕಪ್ಪಾಗುತ್ತದೆ, ಬೀರುವಿನಲ್ಲಿ ಮುಗ್ಗಲು ವಾಸನೆ. ಅವಳು ಟೀ ಟ್ರೀ ಎಂಬ ಮರದ (ಚಹಾ ಗಿಡವಲ್ಲ) ಎಣ್ಣೆ ತಂದು ತಿಂಗಳುಗಟ್ಟಲೆ ಹೊಡೆದಳು. ಮುಗ್ಗಲು ವಾಸನೆಯ ಜೊತೆ ಟೀ ಟ್ರೀ ವಾಸನೆಯೂ ಸೇರಿತು, ಅಷ್ಟೇ. ಬೂಸಿಗೆ ಕಾರಣ ತೇವ. ಸೋರುವ ಕೊಳವೆ ಸರಿ ಮಾಡಿಸಿ, ಬೀರುವನ್ನು ಗೋಡೆಯಿಂದ ಅರ್ಧ ಅಡಿ ಮುಂದೆ ಸರಿಸಿ, ಗೋಡೆಯನ್ನು ಸೋಪಿನ ನೀರಿನಿಂದ ಉಜ್ಜಿ ಒಣಗಿಸಿದ ಮೇಲೆಯೇ ವಾಸನೆ ಹೋದದ್ದು. ಎಲ್ಲಿ ವಾಸನೆಯೋ ಅಲ್ಲಿ ಮೊದಲು ತೊಳೆಯುವುದು, ಒಣಗಿಸುವುದು, ಬಾಟಲಿ ಆಮೇಲೆ.

ನೆಲ ಒರೆಸುವುದು

ಅರ್ಧ ಬಕೆಟ್ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ದ್ರವ. ಆ ದ್ರವದಲ್ಲೇ ಮೊದಲು 10 ಹನಿ ಮಜ್ಜಿಗೆ ಹುಲ್ಲು ಅಥವಾ ನೀಲಗಿರಿ ಎಣ್ಣೆ ಕಲಸಿ, ನಂತರ ನೀರಿಗೆ ಬಿಡಿ. ಒರೆಸಿದ ಮೇಲೆ ಇನ್ನೊಮ್ಮೆ ಬರೀ ನೀರಿನಲ್ಲಿ ಒರೆಸಿ, ಇಲ್ಲದಿದ್ದರೆ ನೆಲ ಜಾರುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಬಚ್ಚಲಿನ ಕಲ್ಲಿಗೆ ಇದನ್ನು ಹಾಕಲೇಬೇಡಿ.

ಒಂದು ಮಾತು ನೆಲಕ್ಕೆ ಫರಸಿ ಕಲ್ಲು ಹಾಸಿರುವ ಮನೆಗಳಿಗೆ. ನಮ್ಮ ಜಿಲ್ಲೆಯ ಇಂಡಿ ತಾಲೂಕಿನ ಲಿಂಬೆಗೆ ಭೌಗೋಳಿಕ ಸೂಚ್ಯಂಕ ಸಿಕ್ಕಿದೆ, ಹಣ್ಣು ನಮಗೆ ಸಲೀಸು. ಹಿಂಡಿ ಉಳಿದ ಸಿಪ್ಪೆಯನ್ನು ವಿನೆಗರಿನಲ್ಲಿ ಎರಡು ವಾರ ನೆನೆಸಿ ಸೋಸಿದರೆ ಸಿಪ್ಪೆಯ ಎಣ್ಣೆ ಅದಕ್ಕೆ ಇಳಿದು ಒಳ್ಳೆಯ ತೊಳೆಯುವ ದ್ರವವಾಗುತ್ತದೆ. ಸಮಪಾಲು ನೀರು ಬೆರೆಸಿ ಕಿಟಕಿ ಗಾಜು, ನಲ್ಲಿಯ ಸುಣ್ಣದ ಕಲೆ, ಸ್ಟೀಲ್ ಸಿಂಕಿಗೆ ಬಳಸಿ. ಆದರೆ ಶಹಾಬಾದ್ ಫರಸಿ ಸುಣ್ಣದ ಕಲ್ಲು. ಹುಳಿ ಬಿದ್ದರೆ ಅದರ ಮೇಲ್ಮೈ ಕೊರೆದು ಮಂಕಾದ ಕಲೆ ನಿಲ್ಲುತ್ತದೆ. ನಮ್ಮ ಅಡುಗೆಮನೆಯ ಬಾಗಿಲಲ್ಲಿ ಅಂಗೈ ಅಗಲದ ಒಂದು ಕಲೆ ಇದೆ. ಬಂದವರು ಅದನ್ನು ಒರೆಸಲು ಬಗ್ಗುತ್ತಾರೆ.

ಇರುವೆಗೆ: ಮೊದಲು ಅವು ಸಾಲು ಹಿಡಿದು ಬರುವ ದಾರಿಯನ್ನು ಸೋಪಿನ ನೀರಿನಿಂದ ಒರೆಸಿ. ಅವು ತಮ್ಮ ಹಿಂದೆ ಬಿಟ್ಟ ವಾಸನೆಯ ಗೆರೆ ಅಳಿಯುತ್ತದೆ. ಆಮೇಲೆ ಪೆಪ್ಪರ್‌ಮಿಂಟ್ ಹಾಕಿದ ಸ್ಪ್ರೇಯನ್ನು ಗೋಡೆಯ ಬಿರುಕಿನ ಬಳಿ ಹೊಡೆಯಿರಿ. ಎರಡು ದಿನಕ್ಕೊಮ್ಮೆ ಮತ್ತೆ ಮಾಡಬೇಕು. ಜಿರಲೆ, ತಿಗಣೆಗಳಿಗೆ ಇದನ್ನು ನಂಬಿ ಕೂರಬೇಡಿ. ಜೋಳದ ಚೀಲಕ್ಕಂತೂ ಹನಿ ತಾಗಿಸಬೇಡಿ, ರೊಟ್ಟಿಯೆಲ್ಲ ಅದೇ ವಾಸನೆಯಾಗುತ್ತದೆ. ಅಲ್ಲಿಗೆ ಒಣಗಿಸಿದ ಬೇವಿನ ಸೊಪ್ಪು ಇದ್ದೇ ಇದೆ.

ಸೀರೆಯ ಕಪಾಟು

ಇಳಕಲ್ ಸೀರೆಯ ರೇಷ್ಮೆ ಸೆರಗಿನ ಮೇಲೆ ಒಂದು ಹನಿ ಬಿದ್ದರೂ ಕಲೆ ಉಳಿಯಬಹುದು. ನೇರ ಸಿಂಪಡಣೆ ಬೇಡ. ಕುಪ್ಪಸ ಹೊಲಿಸಿ ಉಳಿದ ಗುಳೇದಗುಡ್ಡ ಖಣದ ತುಂಡುಗಳನ್ನು ಎಸೆಯದೆ ಅಂಗೈಯಷ್ಟು ಚೀಲ ಹೊಲಿಯಿರಿ. ಒಳಗೆ ಒಂದು ಹಿಡಿ ಲಾವಂಚದ ಬೇರು. ಅದರ ನಡುವೆ 3 ಹನಿ ಲಾವಂಚ ಅಥವಾ ಲ್ಯಾವೆಂಡರ್ ಹಾಕಿ ಒಂದು ದಿನ ಗಾಳಿಗೆ ಆರಿಸಿದ ಹತ್ತಿಯ ಉಂಡೆ ಇಡಿ. ಬಾಯಿ ಹೊಲಿದು, ಸೀರೆಗೆ ತಾಗದಂತೆ ಕಪಾಟಿನ ಮೂಲೆಗೆ ನೇತುಹಾಕಿ. ಎರಡು ತಿಂಗಳಿಗೊಮ್ಮೆ ಹತ್ತಿ ಬದಲಿಸಿ. ಒಗೆಯದೆ ಇಟ್ಟ ಸೀರೆಗೆ ನುಸಿ ಬೇಗ ಹತ್ತುತ್ತದೆ. ಬೆವರಿನ ಸೀರೆಯನ್ನು ಯಾವ ಚೀಲವೂ ಕಾಯುವುದಿಲ್ಲ.

ಬಟ್ಟೆಯ ನಡುವೆ ಇಡುವ ನುಸಿ ಗುಳಿಗೆಯನ್ನು (ನ್ಯಾಫ್ತಲೀನ್) ನಾನು ಬಿಟ್ಟದ್ದು ಬಾಣಂತನದಲ್ಲಿ. ಕೆಲವು ಹಸುಗೂಸುಗಳ ರಕ್ತದಲ್ಲಿ ಹುಟ್ಟಿನಿಂದಲೇ ಒಂದು ಕಿಣ್ವದ ಕೊರತೆ ಇರುತ್ತದೆ. ಅಂಥ ಕೂಸನ್ನು ಆ ಗುಳಿಗೆಯ ವಾಸನೆ ಹಿಡಿದ ಬಟ್ಟೆಯಲ್ಲಿ ಸುತ್ತಿದರೆ ರಕ್ತಕಣಗಳು ಒಡೆದು ಕಾಮಾಲೆಯಾಗುವ ಅಪಾಯವಿದೆ.

ಸೊಳ್ಳೆ

ಹೆಚ್ಚಿನವರು ಸಾರತೈಲ ಕೊಳ್ಳುವುದೇ ಸೊಳ್ಳೆಗಾಗಿ, ಹೆಚ್ಚು ನಿರಾಶೆಯಾಗುವುದೂ ಇಲ್ಲಿಯೇ. ಮಜ್ಜಿಗೆ ಹುಲ್ಲು, ಅದರ ಜಾತಿಯದೇ ಆದ ಸಿಟ್ರೊನೆಲ್ಲಾ ಹುಲ್ಲು, ಇವುಗಳ ಎಣ್ಣೆಗಳು ಸೊಳ್ಳೆಯನ್ನು ದೂರವಿಡುವುದು ನಿಜ. ಆದರೆ ಅವು ಬೇಗ ಆರುವುದರಿಂದ ಪರಿಣಾಮ ಒಂದು ಗಂಟೆಯ ಆಚೀಚೆಗೆ ಮುಗಿಯುತ್ತದೆ. ಸಂಜೆ ಕಟ್ಟೆಯ ಮೇಲೆ ಹರಟೆಗೆ ಕೂರುವಾಗ ಪಕ್ಕದಲ್ಲಿ ಆ ಎಣ್ಣೆಯ ಹಣತೆ ಇಡುವಷ್ಟಕ್ಕೆ ಸರಿ. ಡೆಂಗಿ ಕಾಲದಲ್ಲಿ ಇದೊಂದನ್ನೇ ನಂಬುವುದು ತಪ್ಪು.

ನಮ್ಮ ಕಡೆ ನಲ್ಲಿ ನೀರು ದಿನ ಬಿಟ್ಟು ಬರುವ ಮನೆಗಳಿವೆ, ಡ್ರಮ್ಮು ಕೊಡಗಳಲ್ಲಿ ತುಂಬಿಡುತ್ತೇವೆ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಅಂಥ ತಿಳಿ ನೀರಿನಲ್ಲೇ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಎಂಟು ಹತ್ತು ದಿನ ಬೇಕು. ವಾರಕ್ಕೊಮ್ಮೆ ಡ್ರಮ್ ಬರಿದು ಮಾಡಿ ಒಳಗೋಡೆಯನ್ನು ತಿಕ್ಕಿ ತೊಳೆದರೆ, ಬಾಯಿಗೆ ಬಟ್ಟೆ ಬಿಗಿದರೆ, ಅರ್ಧ ಕೆಲಸವಾದಂತೆ. ಕೂಲರ್ ತೊಟ್ಟಿಯೂ ಡ್ರಮ್ಮೇ ಎಂದು ತಿಳಿಯಿರಿ. ಕುಡಿಯುವ ನೀರಿಗೆ ನೀಲಗಿರಿ ಹನಿ ಬಿಡುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ.

ಮೈಗೆ ಹಚ್ಚುವುದು

ಮಂಡಿನೋವಿಗೆ ಎರಡು ಚಮಚ ಕೊಬ್ಬರಿ ಎಣ್ಣೆ ಅಥವಾ ಕುಸುಬೆ ಎಣ್ಣೆಗೆ ಎರಡು ಹನಿ ನೀಲಗಿರಿ ಬೆರೆಸಿ ತಿಕ್ಕಿದರೆ ಹಾಯೆನಿಸುತ್ತದೆ. ಕುಸುಬೆ ಎಣ್ಣೆ ಬೇಗ ಕಮಟಾಗುತ್ತದೆ, ಆಗಾಗ ಬೇಕಾದಷ್ಟೇ ಕಲಸಿಕೊಳ್ಳಿ. ಮೊದಲ ಸಲ ಹಚ್ಚುವ ಮುನ್ನ ಮೊಣಕೈ ಒಳಮಡಿಕೆಯಲ್ಲಿ ಒಂದು ಬೊಟ್ಟು ಹಚ್ಚಿ ಒಂದು ಹಗಲು ಒಂದು ರಾತ್ರಿ ಕಾಯಿರಿ. ಕೆಂಪಾದರೆ, ತುರಿಸಿದರೆ ಆ ಎಣ್ಣೆ ನಿಮ್ಮದಲ್ಲ.

ಹಿಂಡಿ ತೆಗೆದ ಲಿಂಬೆ ಎಣ್ಣೆಯನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಬೊಬ್ಬೆ ಬಂದು, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಲಿಂಬೆಯಲ್ಲಿರುವ ಕೆಲವು ಅಂಶಗಳು ಬಿಸಿಲಿನ ನೇರಳಾತೀತ ಕಿರಣದ ಜೊತೆ ಸೇರಿದಾಗ ಹೀಗಾಗುತ್ತದೆ. ನಮ್ಮ ಬಿಸಿಲಿಗೆ ಅದು ಬೇಡ. ದಾಲ್ಚಿನ್ನಿ ತೊಗಟೆಯ ಎಣ್ಣೆಯೂ ಚರ್ಮಕ್ಕೆ ಬೇಡ. ಹಲ್ಲುನೋವಿಗೆ ಲವಂಗದ ಎಣ್ಣೆ ಗೊತ್ತಿದ್ದದ್ದೇ, ಆದರೆ ನೇರ ಇಟ್ಟರೆ ವಸಡು ಸುಡುತ್ತದೆ. ಒಂದು ಚಮಚ ಕೊಬ್ಬರಿ ಎಣ್ಣೆಗೆ ಒಂದೇ ಹನಿ ಕಲಸಿ, ಅದರಲ್ಲಿ ಅದ್ದಿದ ಹತ್ತಿಯನ್ನು ಹಲ್ಲಿನ ಮೇಲೆ ಒತ್ತಿಡಿ. ಮರುದಿನ ದಂತವೈದ್ಯರ ಬಳಿ ಹೋಗಿ, ಹುಳುಕು ಅಷ್ಟಕ್ಕೆ ಹೋಗುವುದಿಲ್ಲ.

ಗರ್ಭಿಣಿಯರು, ದಮ್ಮು ಇರುವವರು ವೈದ್ಯರನ್ನು ಕೇಳದೆ ಬಳಸಬಾರದು. ಎರಡು ವರ್ಷದೊಳಗಿನ ಕೂಸಿನ ಮೂಗು, ಎದೆಗೆ ನೀಲಗಿರಿ, ಕರ್ಪೂರ, ಪುದೀನದ ಎಣ್ಣೆಗಳನ್ನು ಸವರಬೇಡಿ. ಉಸಿರು ಕಟ್ಟುವ ಸಾಧ್ಯತೆ ಇದೆ. ಬೆಕ್ಕು ಸಾಕಿದವರು ಟೀ ಟ್ರೀ ಎಣ್ಣೆಯನ್ನು ಮನೆಗೇ ತರದಿರುವುದು ಲೇಸು. ಇಂಥ ಎಣ್ಣೆಯನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ತೀರ ಕಡಿಮೆ.

ಹೊಟ್ಟೆಗೆ ಹೋದರೆ

ಒಂದು ಚಮಚದಷ್ಟು ನೀಲಗಿರಿ ಎಣ್ಣೆ ಮಗುವಿಗೆ ಫಿಟ್ಸ್ ಬರಿಸಬಲ್ಲದು. ಕರ್ಪೂರವೂ ಇದೇ ಜಾತಿಯ ವಸ್ತು, ಕಲ್ಲುಸಕ್ಕರೆಯಂತೆ ಕಾಣುತ್ತದೆ, ದೇವರ ಮನೆಯಲ್ಲಿ ಮಗುವಿನ ಕೈಗೆ ಸಿಗುವ ಎತ್ತರದಲ್ಲೇ ಇರುತ್ತದೆ. ಎರಡನ್ನೂ ಮೇಲಿನ ಗೂಡಿಗೆ ಏರಿಸಿ. ಮಗು ನುಂಗಿದರೆ ವಾಂತಿ ಮಾಡಿಸಲು ಹೋಗಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಕೆಟ್ಟದ್ದು. ಬಾಯಿ ಒರೆಸಿ, ಬಾಟಲಿಯನ್ನು ಕೈಯಲ್ಲಿ ಹಿಡಿದು ತಕ್ಷಣ ಆಸ್ಪತ್ರೆಗೆ ಹೋಗಿ, ಇಲ್ಲವೇ 108ಕ್ಕೆ ಕರೆ ಮಾಡಿ. ಕಣ್ಣಿಗೆ ಬಿದ್ದರೆ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ವೈದ್ಯರಿಗೆ ತೋರಿಸಿ. ಮೈಮೇಲೆ ನೇರ ಚೆಲ್ಲಿದರೆ ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ, ಆಮೇಲೆ ಸೋಪು.

ಇಡುವುದು, ಮುಗಿಸುವುದು

ಬೆಳಕು, ಗಾಳಿ, ಬಿಸಿ ಮೂರೂ ಇದರ ವೈರಿಗಳು. ನಲವತ್ತು ಡಿಗ್ರಿಯ ಊರಿನಲ್ಲಿ ಬಾಟಲಿಗಳನ್ನು ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನೊಳಗಿಡುವುದು ಉತ್ತಮ. ಡಬ್ಬಿಯ ಮೇಲೆ ದೊಡ್ಡದಾಗಿ 'ತಿನ್ನುವುದಲ್ಲ' ಎಂದು ಬರೆಯಿರಿ. ಬಾಟಲಿಯ ಮೇಲೆ ತೆರೆದ ದಿನಾಂಕ ಇರಲಿ. ಲಿಂಬೆ ಜಾತಿಯವು, ಟೀ ಟ್ರೀ ಒಂದು ವರ್ಷಕ್ಕೆ ಹಳತಾಗುತ್ತವೆ. ಗಾಳಿ ತಾಗಿ ಕೆಟ್ಟ ಎಣ್ಣೆ ಚರ್ಮಕ್ಕೆ ಅಲರ್ಜಿ ತರುವುದು ಹೊಸದಕ್ಕಿಂತ ಹೆಚ್ಚು. ಲಾವಂಚ, ಶ್ರೀಗಂಧ ಮಾತ್ರ ವರ್ಷ ಕಳೆದಷ್ಟೂ ಮಾಗುತ್ತವೆ.

ಹಳತಾದ ಲಿಂಬೆ ಎಣ್ಣೆಯನ್ನು ಮೋರಿಗೆ ಚೆಲ್ಲಬೇಡಿ. ಹೊಸ ಸ್ಟೀಲ್ ಪಾತ್ರೆಯ ಮೇಲೆ ಅಂಟಿಸಿದ ಚೀಟಿ ಉಗುರಿಗೆ ಜಗ್ಗದೆ ಅಂಟು ಉಳಿಯುತ್ತದಲ್ಲ, ಅಲ್ಲಿಗೆ ಎರಡು ಹನಿ ಹಾಕಿ ಐದು ನಿಮಿಷ ಬಿಟ್ಟು ಬಟ್ಟೆಯಿಂದ ಉಜ್ಜಿ, ನಂತರ ಸೋಪಿನಿಂದ ತೊಳೆಯಿರಿ. ಮದುವೆಯಲ್ಲಿ ಬಂದ ಪಾತ್ರೆಗಳ ಚೀಟಿಯನ್ನು ಹದಿನೈದು ವರ್ಷದಿಂದ ಹಾಗೇ ಇಟ್ಟಿದ್ದ ಅತ್ತೆ, ಈಗ ತಾವಾಗಿಯೇ ಆ ಬಾಟಲಿ ಕೇಳಿ ಪಡೆಯುತ್ತಾರೆ.